ಕೊಕ್ಕರೆಗೆ ಕೊಟ್ಟ ನಡಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ಮುಖ ಸಿಂಡರಿಸುವುದು ಬೇಡ. ಆ ಕೊಕ್ಕರೆಗೆ ನಡೆಯಲು ಕಲಿಸಿದ ದಡ್ಡ ನಾನೇ.

ಹೋದ ಶನಿವಾರ ಹಿಂದೂಪುರದ ಟೆಂಟ್ ಸಿನಿಮಾದಲ್ಲಿ ಮೊದಲನೇ ಆಟಕ್ಕೆ ಹೋಗಿದ್ದೆ. ನೆಲದ ಟಿಕೆಟ್ಟು. ನೆಲದ ಸುಖ ಕುರ್ಚಿಯವರಿಗೆ ಗೊತ್ತಿಲ್ಲ: ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಸಿಂಹಾಸನ, ಹಿಂದಿನವನು ಬಯ್ದರೆ ಕಿವಿ ಕೇಳಿಸುವುದಿಲ್ಲ. ದೊಡ್ಡ ಚಿತ್ರ ಶುರುವಾಗುವ ಮುಂಚೆ ಯಾವುದೋ ಪರದೇಶದ ಬೊಂಬೆ ಚಿತ್ರ ಹಾಕಿದರು. ಕಾಗದದ ಮೇಲೆ ಬರೆದ ಪ್ರಾಣಿಗಳೇ ಎದ್ದು ಓಡಾಡುತ್ತವಲ್ಲ, ಆ ಥರದ್ದು. ಒಂದು ಕೊಕ್ಕರೆ. ತಲೆಗೆ ಹ್ಯಾಟು, ರೆಕ್ಕೆಯಲ್ಲಿ ಕೊಡೆ. ಅದು ಒಂದು ಬೆಟ್ಟ ಹತ್ತಬೇಕು, ಕಥೆ ಅಷ್ಟೇ. ಎಡಭುಜವನ್ನು ಕಿವಿಯವರೆಗೆ ಎತ್ತಿಕೊಂಡು (ಕೊಕ್ಕರೆಗೆ ಭುಜವೆಲ್ಲಿ ಎನ್ನಬೇಡಿ, ಇದಕ್ಕಿತ್ತು), ಕತ್ತನ್ನು ಬಲಕ್ಕೆ ವಾಲಿಸಿ, ಕಾಲು ಮೇಲಕ್ಕೆತ್ತಿ, ಗಾಳಿಯಲ್ಲೇ ಒಂದಿಷ್ಟು ಯೋಚನೆ ಮಾಡಿ, ಆಮೇಲೆ ಮೆತ್ತಗೆ ಊರಿತು. ಟೆಂಟಿಗೆ ಟೆಂಟೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡೆ.

ಆ ನಡಿಗೆ ಯಾವ ಕೊಕ್ಕರೆಯದೂ ಅಲ್ಲ. ಕಲ್ಯಾಣದುರ್ಗದ ಚೌಡಪ್ಪನವರದು. ನನಗೆ ಮಾವ ಆಗಬೇಕಾಗಿದ್ದವರು.

ನನ್ನ ವಿದ್ಯೆ ಏನೆಂದು ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ನಮ್ಮದು ಹಿಂದೂಪುರದ ಮಗ್ಗದ ಮನೆ. ಅಣ್ಣ ನೇಯುತ್ತಿದ್ದ, ನಾನು ನೇಯುವವನ ಹಾಗೆ ಮಾಡಿ ತೋರಿಸುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲು. ಆದರೆ ಇಂಗ್ಲಿಷ್ ಮೇಷ್ಟ್ರ ಕೆಮ್ಮು, ಕನ್ನಡಕ ಒರೆಸುವ ವೈಖರಿ, "ಸಿಟ್ ಡೌನ್" ಎನ್ನುವಾಗ ಮೇಲೇಳುವ ಹುಬ್ಬು, ಇವೆಲ್ಲದರಲ್ಲಿ ನನಗೆ ಫಸ್ಟ್ ಕ್ಲಾಸು. ಯಾರಾದರೂ ನಾಲ್ಕು ಹೆಜ್ಜೆ ನಡೆದರೆ ಸಾಕು, ಐದನೆಯದನ್ನು ಅವರಿಗಿಂತ ಮೊದಲು ನಾನು ಇಡುತ್ತಿದ್ದೆ. ಮದುವೆ ಮನೆಗಳಲ್ಲಿ ಊಟಕ್ಕೆ ಮುಂಚೆ ನನ್ನನ್ನು ಹುಡುಕುತ್ತಿದ್ದರು. ಊಟವಾದ ಮೇಲೆ, ಯಾರನ್ನು ಅಣಕಿಸಿದ್ದೆನೋ ಅವರು ಹುಡುಕುತ್ತಿದ್ದರು.

"ಮಗ್ಗದ ಮುಂದೆ ಕುಂತ್ಕಳ್ಳೋ ಅಂದ್ರೆ ಮಗ್ಗದ ಸದ್ದ ಬಾಯಲ್ಲಿ ಮಾಡ್ತಾನೆ ಕಣಮ್ಮ," ಎಂದು ಅಮ್ಮ ನೀರು ಸೇದುವ ಕಡೆ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಳು. "ಇವ್ನಿಗ್ಯಾರು ಹೆಣ್ಣು ಕೊಡ್ತಾರೆ?"

ಕೊಡುವವರು ತಾವಾಗಿಯೇ ಬಂದರು. ಬಂದಾಗ ಅವರು ಯಾರೆಂದು ನನಗೆ ಗೊತ್ತಿರಲಿಲ್ಲ ಎನ್ನುವುದೇ ತಾಪತ್ರಯ.

ಒಂದು ಸಾಯಂಕಾಲ ನಮ್ಮ ಬೀದಿಯ ತುದಿಯಲ್ಲಿ ಗೆಳೆಯರ ಜೊತೆ ಹಲ್ಲು ಕಿಸಿಯುತ್ತಾ ನಿಂತಿದ್ದೆ. ಬಸ್ ಸ್ಟ್ಯಾಂಡಿನ ಕಡೆಯಿಂದ ಒಬ್ಬ ಹಿರಿಯರು ಬಂದರು. ಬಿಳೀ ಪಂಚೆ, ಕೈಯಲ್ಲಿ ಏನೂ ಇಲ್ಲ. ಆದರೂ ಎಡಭುಜ ಮೇಲೆ, ಕತ್ತು ಬಲಕ್ಕೆ, ಏನೋ ದೊಡ್ಡದನ್ನು ಹೊತ್ತವರ ಹಾಗೆ. ಒಂದೊಂದು ಹೆಜ್ಜೆಯನ್ನೂ ಎತ್ತರಕ್ಕೆತ್ತಿ, ನೆಲವನ್ನು ಒಮ್ಮೆ ವಿಚಾರಿಸಿಕೊಂಡು ಊರುತ್ತಿದ್ದರು. ಅಂಥ ನಡಿಗೆ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಜಾತ್ರೆಯಲ್ಲಿ ಕಳ್ಳನಿಗೆ ಚಿನ್ನದ ಸರ ಕಂಡ ಹಾಗಾಯಿತು. ನಾಲ್ಕು ಮಾರು ಹಿಂದೆ ಬಿದ್ದೆ. ಭುಜ ಎತ್ತಿದೆ, ಕತ್ತು ವಾಲಿಸಿದೆ, ಹೆಜ್ಜೆಗೆ ಹೆಜ್ಜೆ. ಗೆಳೆಯರು ಬಾಯಿಗೆ ಟವೆಲ್ ತುರುಕಿಕೊಂಡು ಹಿಂದೆ ಬರುತ್ತಿದ್ದರು. ಹಾಗೇ ಬೀದಿಯುದ್ದಕ್ಕೂ ನಡೆದು ಅವರು ಒಂದು ಮನೆಯ ಹೊಸಿಲು ದಾಟಿದರು. ನೋಡುತ್ತೇನೆ, ನಮ್ಮದೇ ಮನೆ!

ಒಳಗೆ ಅಮ್ಮ ಚಾಪೆ ಹಾಸಿ ಕಾಫಿ ಕೊಟ್ಟಳು. ಕಲ್ಯಾಣದುರ್ಗದ ಚೌಡಪ್ಪನವರಂತೆ, ಸೀರೆ ಅಂಗಡಿಯಂತೆ, ಹುಡುಗನ್ನ ನೋಡಲು ಬಂದಿದ್ದಾರಂತೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕಾಲಿನ ಹತ್ತಿರ ಕಣ್ಣನ್ನು ಸ್ವಲ್ಪ ಹೊತ್ತು ನಿಲ್ಲಿಸಿ, "ಹುಡ್ಗ ಚೂಟಿ ಅವ್ನೆ," ಎಂದಷ್ಟೇ ಹೇಳಿದರು. ಬಚಾವಾದೆ, ಹಿಂದೆ ತಿರುಗಿ ನೋಡಿಲ್ಲ ಎಂದು ನಾನು ಬೆನ್ನು ತಟ್ಟಿಕೊಂಡೆ.

ಅವರ ಕಥೆ ಆಮೇಲೆ ಗೊತ್ತಾಯಿತು. ಅಂಗಡಿ ಇಡುವ ಮುಂಚೆ ಅವರು ಸೀರೆ ಮೂಟೆ ಹೊತ್ತು ಕುಂದುರ್ಪಿ, ಬ್ರಹ್ಮಸಮುದ್ರದ ಕಡೆ ಹಳ್ಳಿ ಹಳ್ಳಿ ತಿರುಗಿ ಮಾರುತ್ತಿದ್ದರಂತೆ. ಎಡಭುಜದ ಮೇಲೆ ಮೂಟೆ, ಬರಿಗಾಲು, ದಾರಿ ತುಂಬ ಜಾಲಿಮುಳ್ಳು. ಮೂಟೆ ಇಳಿದು ಎಷ್ಟೋ ವರ್ಷವಾಗಿತ್ತು. ಭುಜಕ್ಕೆ ಯಾರೂ ಹೇಳಿರಲಿಲ್ಲ.

ಆಮೇಲೆ ನಾವು ಹೆಣ್ಣು ನೋಡಲು ಹೋದೆವು. ಹುಡುಗಿಯ ಹೆಸರು ಅಂಜಿನಮ್ಮ. ನನಗೆ ಸುಮ್ಮನೆ ಕೂತು ಗೊತ್ತಿದ್ದರೆ ತಾನೇ? ಬಸ್ಸಿನ ಕಂಡಕ್ಟರು ಹೇಗೆ ಅರ್ಧ ತೆಲುಗಿನಲ್ಲಿ ಬಯ್ದು ಅರ್ಧ ಕನ್ನಡದಲ್ಲಿ ಸಮಾಧಾನ ಮಾಡುತ್ತಾನೆಂದು ಮಾಡಿ ತೋರಿಸಿದೆ. "ಜರುಗಂಡಮ್ಮಾ ಜರುಗಂಡಿ, ಒಸಿ ಒಳಿಕ್ಕೋಗ್ರಮ್ಮ ತಾಯಂದ್ರಾ!" ಅಂತ. ಮನೆಯವರೆಲ್ಲ ನಕ್ಕರು. ಚೌಡಪ್ಪನವರ ತಂಗಿಗೆ ಕೆಮ್ಮೇ ಬಂತು. ಅಂಜಿನಮ್ಮ ಮಾತ್ರ ಸೀರೆಯ ಅಂಚಿನಲ್ಲಿ ಎಳೆ ತಪ್ಪಿದೆಯೇನೋ ಎಂದು ಪರೀಕ್ಷೆ ಮಾಡುವವರ ಹಾಗೆ ನನ್ನನ್ನೇ ನೋಡುತ್ತಾ ನಿಂತಿದ್ದಳು. ಕೊನೆಗೆ ಕೇಳಿದಳು:

"ಮುಗೀತಾ? ಕಾಫಿ ಆರೋಯ್ತದೆ."

ಅಲ್ಲಿಗೆ ನಾನು ಬಿದ್ದೆ. ಇಡೀ ಹಿಂದೂಪುರವನ್ನು ನಗಿಸಿದವನಿಗೆ ಈ ಒಂದು ಹುಡುಗಿ ನಗಬೇಕು ಎನ್ನುವುದೇ ಹಗಲಿರುಳಿನ ಹಂಬಲವಾಯಿತು. ಅವರೂ ಒಪ್ಪಿದರು. ಎಲೆ ಅಡಿಕೆ ತಟ್ಟೆ ಬದಲಾಯಿಸಿಕೊಂಡರೆ ಮಾತು ಗಟ್ಟಿ. ಅದಕ್ಕೊಂದು ಒಳ್ಳೆಯ ದಿನ ನೋಡಿ, ದೊಡ್ಡವರು ಕಾಯಲು ಹೇಳಿದರು.

ಕಾಯುವಾಗಲೇ ಬೊಂಬೆ ದೊರೆ ಬಂದ.

ಯಾವ ದೇಶದವನೆಂದು ಕೊನೆಗೂ ನಮಗೆ ಸರಿಯಾಗಿ ಗೊತ್ತಾಗಲಿಲ್ಲ. ಕೆಂಪು ಗಡ್ಡ, ತೆಂಗಿನ ಮರದಷ್ಟು ಉದ್ದ. ಜೊತೆಗೆ ಅವನ ಹೆಂಡತಿ. ಅವಳಿಗೆ ದೊರೆಸಾನಿ ಎಂದೆವು. ಇಬ್ಬರೂ ಸಿನಿಮಾಕ್ಕೆ ನಗಿಸುವ ಬೊಂಬೆ ಬರೆಯುವವರು. ತಮ್ಮ ಊರಿನಲ್ಲಿ ಬರೆದು ಬರೆದು ಹೊಸದೇನೂ ಹೊಳೆಯದೆ, ಸ್ಫೂರ್ತಿ ಹುಡುಕಿಕೊಂಡು ಹಡಗು ಹತ್ತಿದ್ದರಂತೆ. ಜೀಪು, ಮಡಿಸುವ ಕುರ್ಚಿ, ಪೆನ್ಸಿಲ್ಲಿನ ಪೆಟ್ಟಿಗೆಗಳ ಸಮೇತ ಟ್ರಾವಲರ್ಸ್ ಬಂಗಲೆಯಲ್ಲಿ ಇಳಿದರು.

"ಅವರು ಏನ್ ಕಳ್ಕಂಡವ್ರಂತ್ಲಾ?" ಎಂದು ನಮ್ಮಜ್ಜಿ ಕೇಳಿದಳು.

"ಸ್ಫೂರ್ತಿ ಅಂತ ಕಣಜ್ಜಿ."

"ಅದು ಹಸಾನಾ, ಎಮ್ಮೇನಾ?"

"ಯಾವ್ದೂ ಅಲ್ಲ. ಅದು ಮನಸಿಗೆ ಬರಾದು."

"ಮನಸಿಗೆ ಬರಾದಕ್ಕೆ ಹಡಗಲ್ಲಿ ಯಾಕ್ ಬಂದ್ರು? ಮನೇಲೇ ಕುಂತಿದ್ರೆ ಬತ್ತಿರ್ಲಿಲ್ವಾ?"

ಅಜ್ಜಿಗೆ ಉತ್ತರ ಕೊಡುವಷ್ಟು ನಾನು ಓದಿರಲಿಲ್ಲ. ಓದಿದವರೂ ಕೊಟ್ಟಾರೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಅವರ ಬುದ್ಧಿವಂತಿಕೆಗೆ ಒಂದೇ ಉದಾಹರಣೆ ಸಾಕು. ಅವರ ಬೊಂಬೆ ಕಥೆಯಲ್ಲಿ ಒಂದು ಎತ್ತು ನಡೆಯಬೇಕಾಗಿತ್ತು. ಎತ್ತು ಹೇಗೆ ನಡೆಯುತ್ತದೆ ಎಂದು ನೋಡಲು ಇಬ್ಬರೂ ಎಲ್ಲಿಗೆ ಹೋದರು ಅಂತೀರಿ? ಲೇಪಾಕ್ಷಿಯ ಕಲ್ಲು ಬಸವಣ್ಣನ ಮುಂದಕ್ಕೆ! ಕುರ್ಚಿ ಬಿಡಿಸಿ, ಕೊಡೆ ನೆಟ್ಟು, ಆ ಮಹಾಮೂರ್ತಿಯನ್ನೇ ದಿಟ್ಟಿಸುತ್ತಾ ಕೂತರು. ಬಸವಣ್ಣ ಯಾವ ಕಾಲದಿಂದಲೋ ಮಲಗಿದ ಜಾಗದಲ್ಲೇ ಮಲಗಿದ್ದಾನೆ. ಇವರ ಬೆನ್ನ ಹಿಂದಿನ ರಸ್ತೆಯಲ್ಲಿ ಕಡಲೆಕಾಯಿ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಗೂಳಿ, ಹೋರಿ, ಕುಂಟೆತ್ತು, ಒಂದು ಎಳೆಯ ಕರು ಬಾಲ ಎತ್ತಿಕೊಂಡು ಅವರ ಕುರ್ಚಿಯ ಪಕ್ಕದಲ್ಲೇ ಓಡಿಹೋಯಿತು. ತಿರುಗಿ ನೋಡಬೇಕಲ್ಲ! ಏಳು ಸಮುದ್ರ ದಾಟಿದವರಿಗೆ ಒಂದು ರಸ್ತೆ ದಾಟಲಾಗಲಿಲ್ಲ. ಅಡಿಗೆಗೆಂದು ಅವರ ಜೊತೆ ಬಂದಿದ್ದ ಬಂಗಲೆಯ ಬಟ್ಲರು ನನ್ನ ಕಿವಿಯಲ್ಲಿ ತೆಲುಗಿನಲ್ಲೇ, "ರಾತಿ ಎದ್ದು ಲೇಚಿ ನಡುಸ್ತಾದಾ ಏಮಿ?" ಎಂದ. ಕಲ್ಲಿನ ಎತ್ತು ಎದ್ದು ನಡೆಯುತ್ತದೇನಯ್ಯಾ ಎಂದು. "ಕಾಫಿ ಕೊಟ್ ನೋಡು, ಎದ್ರೂ ಎದ್ದಾನು," ಎಂದೆ.

ನಾನು ಅಲ್ಲೇನು ಮಾಡುತ್ತಿದ್ದೆ ಎಂದಿರಾ? ದುಭಾಷಿ! ಇಂಗ್ಲಿಷಿನಲ್ಲಿ ಫೇಲಾದವನೇ. ಊರಿನಲ್ಲಿ ಪಾಸಾದವರಿಗೆಲ್ಲ ಸಂಕೋಚ, ತಪ್ಪು ಮಾತಾಡಿಬಿಟ್ಟರೆ ಎಂದು. ನನಗೆ ಆ ಭಯ ಇರಲಿಲ್ಲ. ಮಾತಾಡುತ್ತಿದ್ದವರು ನಾನಲ್ಲ, ನಮ್ಮ ಮೇಷ್ಟ್ರು. ಅವರ ಕೆಮ್ಮಿನಿಂದ ಶುರು ಮಾಡಿ, ಹುಬ್ಬು ಮೇಲೇರಿಸಿ, ಗೊತ್ತಿದ್ದ ಪದಗಳನ್ನೆಲ್ಲ ಒಗೆದರೆ ದೊರೆ ತಲೆದೂಗುತ್ತಿದ್ದ. ನಡುವೆ ಗೊತ್ತಿಲ್ಲದ ಪದ ಬಂದರೆ ಮತ್ತೊಮ್ಮೆ ಕೆಮ್ಮುತ್ತಿದ್ದೆ. ಮೇಷ್ಟ್ರೂ ಅಷ್ಟಕ್ಕೇ ಕೆಮ್ಮುತ್ತಿದ್ದರು ಎಂದು ಆಗ ಹೊಳೆಯಿತು.

ಲೇಪಾಕ್ಷಿಯಲ್ಲಿ ಬಸವಣ್ಣ ಏಳದೆ ಹೋದದ್ದರಿಂದ, ಮನುಷ್ಯರನ್ನಾದರೂ ನೋಡೋಣವೆಂದು ದೊರೆ ಹಿಂದೂಪುರದ ಪೇಟೆ ಬೀದಿಯಲ್ಲಿ ಕುರ್ಚಿ ಹಾಕಿದ. ಜನ ನಡೆಯುವುದನ್ನು ಬರೆದುಕೊಂಡು, ಅದೇ ನಡಿಗೆಯನ್ನು ಪ್ರಾಣಿ ಪಕ್ಷಿಗಳಿಗೆ ಹಾಕುತ್ತಾರಂತೆ. ಸುದ್ದಿ ಹಬ್ಬಿತು: ದೊರೆ ಚಿತ್ರ ಬರೆಯುತ್ತಾನಂತೆ! ಅಲ್ಲಿಗೆ ಮುಗಿಯಿತು. ನಮ್ಮವರಿಗೆ ಚಿತ್ರ ಎಂದರೆ ಫೋಟೋ, ಫೋಟೋ ಎಂದರೆ ಉಸಿರು ಬಿಗಿ ಹಿಡಿಯುವುದು. ಗುಮಾಸ್ತರೊಬ್ಬರು ಆ ಬಿಸಿಲಲ್ಲಿ ಮದುವೆ ಕೋಟು ಹಾಕಿಕೊಂಡು ಬಂದು, ಕೈಗೆ ಒಂದು ಪುಸ್ತಕ ಹಿಡಿದು, ದೊರೆಯ ಎದುರಿಗೆ ಗರುಡಗಂಬವಾದರು. ಎಣ್ಣೆ ಅಂಗಡಿ ಯಜಮಾನರು ಮೀಸೆ ತೀಡಿ ಪಕ್ಕದಲ್ಲಿ ನಿಂತರು. "ವಾಕ್, ವಾಕ್," ಎಂದು ದೊರೆ ಕೈ ಬೀಸಿದರೆ ಇವರು ಇನ್ನಷ್ಟು ಬಿಗಿಯಾದರು. "ನಡೀರಿ ಅಂತಾನೆ," ಎಂದು ನಾನು ಹೇಳಿದರೆ ಗುಮಾಸ್ತರು ತುಟಿ ಅಲ್ಲಾಡಿಸದೆ, "ನಡುದ್ರೆ ಚಿತ್ರ ಕೆಟ್ಟೋಯ್ತದೆ, ಸುಮ್ಕಿರ್ಲಾ," ಎಂದರು. ಬೊಂಬೆ ನಡೆಸುವವನ ಮುಂದೆ ಊರೇ ಕಲ್ಲು ಬಸವಣ್ಣನಾಗಿ ನಿಂತಿತು.

ದೊರೆ ಪೆನ್ಸಿಲ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟ. ಆಗ ನನ್ನೊಳಗಿನ ಕಪಿ ಎದ್ದಿತು. ನಾನು ಮೇಷ್ಟ್ರ ದನಿಯಲ್ಲಿ ಕೆಮ್ಮಿ, "ಸರ್, ಐ ವಾಕ್ ಎವ್ರಿಬಡಿ," ಎಂದೆ.

ಬಂಗಲೆಯ ಜಗಲಿಯಲ್ಲಿ ಊರನ್ನೆಲ್ಲ ನಡೆದು ತೋರಿಸಿದೆ. ಬೀಗದ ಕೈ ಸಿಕ್ಕಿಸಿಕೊಂಡ ಸೊಂಟದಿಂದಲೇ ಮುಂದೆ ಹೋಗುವ ಎಣ್ಣೆ ಅಂಗಡಿಯವರು. ಸಾಹೇಬರು ಕರೆಯುವ ಮುಂಚೆಯೇ ಅರ್ಧ ಬಗ್ಗಿರುವ ಗುಮಾಸ್ತರು. ಯಾರೋ ಹಿಂದಿನಿಂದ ಸೆರಗು ಎಳೆಯುತ್ತಿದ್ದಾರೆಂಬ ಹಾಗೆ ಓರೆಯಾಗಿ ಸಾಗುವ ನಮ್ಮ ಅಮ್ಮ. ದೊರೆಸಾನಿ ಬರೆಯುವುದನ್ನು ನೋಡಬೇಕು ನೀವು! ಒಂದು ಹೆಜ್ಜೆಗೆ ಒಂದು ಕಾಗದ, ಒಂದರ ಮೇಲೊಂದು ಪೇರಿಸಿ, ಇಸ್ಪೀಟು ಕಟ್ಟಿನ ಹಾಗೆ ಹಿಡಿದು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ, ಗುಮಾಸ್ತರು ಕತ್ತೆಯಾಗಿ ನಡೆಯುತ್ತಿದ್ದರು, ಅಮ್ಮ ಬಾತುಕೋಳಿಯಾಗಿ. ನಾನು ನೆಲಕ್ಕೆ ಬಿದ್ದು ನಕ್ಕೆ. ಆ ಹೆಂಗಸಿನ ಕೈಚಳಕವನ್ನು ಹೀಗಳೆಯಲಾರೆ. ಆದರೆ ಸ್ಫೂರ್ತಿಗಾಗಿ ಪರದೇಶಕ್ಕೆ ಬಂದು, ಅಲ್ಲಿಯ ಜನರನ್ನು ಬಿಟ್ಟು, ಅವರನ್ನು ಅಣಕಿಸುವವನನ್ನು ನೋಡಿ ಬರೆದುಕೊಂಡು ಹೋಗುವುದಿದೆಯಲ್ಲ, ಅದು ಹಸುವನ್ನು ಬಿಟ್ಟು ಹಾಲಿನವನ ಕೆಚ್ಚಲು ಹುಡುಕಿದ ಹಾಗೆ. ಆಗ ನನಗೆ ಹಾಗನ್ನಿಸಲಿಲ್ಲ ಬಿಡಿ. ಕೆಚ್ಚಲು ನನ್ನದಲ್ಲವೇ?

ಒಂದು ಮಧ್ಯಾಹ್ನ ದೊರೆ ನನ್ನ ಬೆನ್ನು ತಟ್ಟಿ, ನೀನು ನಮ್ಮ ದೇಶಕ್ಕೆ ಬರಬೇಕು ಎಂದ. ಮನೆಗೆ ಬಂದ ನೆಂಟರು ಹೊರಡುವಾಗ "ನಮ್ಮೂರ ಕಡೆ ಬನ್ನಿ" ಎನ್ನುವುದಿಲ್ಲವೇ, ಅಷ್ಟೇ ಅದು. ನಾನು ಮಾತ್ರ ಹಡಗಿನ ಟಿಕೆಟ್ಟು ಕೈಗೆ ಬಂತು ಎಂದುಕೊಂಡೆ. ನಿವೃತ್ತರಾದ ಪೊಲೀಸ್ ಪೇದೆಯೊಬ್ಬರ ಹಳೇ ಬೂಟು ಎರವಲು ತಂದು, ಪರದೇಶದ ಚಳಿಗೆ ಕಾಲು ಪಳಗಲಿ ಎಂದು ನಮ್ಮ ಬೀದಿಯಲ್ಲಿ ಹಾಕಿಕೊಂಡು ತಿರುಗಿದೆ. ನಮ್ಮ ಬೀದಿಯಲ್ಲಿ ಚಳಿ ಎಲ್ಲಿತ್ತು? ಬೆವರು ಬೂಟಿನಲ್ಲಿ ಪಚಪಚ ಎನ್ನುತ್ತಿತ್ತು. ನಮ್ಮ ಗೆಳೆಯ ಖಾದರ್, ಈಗ ಟೆಂಟಿನ ಬಾಗಿಲಲ್ಲಿ ಟಿಕೆಟ್ ಹರಿಯುವವನು, ಅವತ್ತು ಊರಿಗೆಲ್ಲ ಕೂಗಿ ಹೇಳಿದ: "ಕೇಳ್ರಪ್ಪೋ, ಓದಾಕೆ ಹೋಗೋರ್ನ ನೋಡಿದ್ವಿ, ದುಡಿಯಾಕೆ ಹೋಗೋರ್ನ ನೋಡಿದ್ವಿ. ಇವ್ನು ಫಾರಿನ್ನಿಗೆ ನಡಿಯಾಕೆ ಹೋಯ್ತಾನಂತೆ!"

ಕೊನೆಗೆ ದೊರೆಯ ಕಥೆಯಲ್ಲಿ ಕೊಕ್ಕರೆ ಒಂದು ಉಳಿಯಿತು. ಯಾವ ನಡಿಗೆ ತೋರಿಸಿದರೂ ದೊರೆಸಾನಿ ತಲೆಯಾಡಿಸಿದಳು. ಎಣ್ಣೆ ಅಂಗಡಿ ಬೇಡ, ಪುರೋಹಿತರು ಬೇಡ, ದಪ್ಪ ಬೇಡ, ಅವಸರ ಬೇಡ. ನನಗೆ ಗೊತ್ತಿತ್ತು ಯಾವುದು ಬೇಕೆಂದು. ಆ ಸಾಯಂಕಾಲದಿಂದ ಮಡಿಕೆ ಹಾಕಿ ಎತ್ತಿಟ್ಟಿದ್ದೆ, ಮದುವೆ ಸೀರೆಯ ಹಾಗೆ. ಕೊಡಬಾರದು ಎಂದೂ ಗೊತ್ತಿತ್ತು. ಆದರೆ ಕಲಾವಿದನೆಂಬುವನಿಗೆ ಒಂದು ಹುಚ್ಚಿರುತ್ತದಂತೆ. ನನಗೆ ಕಲೆ ಬರಲಿಲ್ಲ, ಹುಚ್ಚು ಬಂತು. ಸಮುದ್ರದಾಚೆ ಹೋಗುವ ಕೊಕ್ಕರೆ, ಕಲ್ಯಾಣದುರ್ಗಕ್ಕೆ ಯಾಕೆ ಬಂದೀತು? ಭುಜ ಎತ್ತಿದೆ. ಕತ್ತು ವಾಲಿಸಿದೆ. ದೊರೆಸಾನಿ "ಆಹ್!" ಎಂದು ಪೆನ್ಸಿಲ್ ಹಿಡಿದವಳು ಕತ್ತಲಾಗುವವರೆಗೆ ಬಿಡಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ನಿಮ್ಮ ಮುಂದೆ ಕೂತು ಇದನ್ನು ಹೇಳುತ್ತಿರಲಿಲ್ಲ. ಇಷ್ಟೊತ್ತಿಗೆ ಮಾವನ ಅಂಗಡಿಯಲ್ಲಿ ಸೀರೆ ಮಡಿಸಿಕೊಂಡಿರುತ್ತಿದ್ದೆ. ಎಲೆ ಅಡಿಕೆ ಬದಲಾಯಿಸುವ ದಿನ ಗೊತ್ತಾಯಿತು. ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಇಳಿದು ಹತ್ತಿ ಹೋಗುವ ಬದಲು ಜೀಪಿನಲ್ಲಿ, ಅದೂ ಬಿಳೀ ದೊರೆಗಳ ಪಕ್ಕದಲ್ಲಿ ಕೂತು ಬೀಗರ ಬಾಗಿಲಿಗೆ ಇಳಿದರೆ? ಅಂಜಿನಮ್ಮ ನಗದಿದ್ದರೂ ಕಣ್ಣಾದರೂ ಅರಳಿಸಿಯಾಳು. ನಮ್ಮ ಕಡೆಯ ಶಾಸ್ತ್ರ ನೋಡಲು ಬನ್ನಿ ಎಂದು ದೊರೆಯನ್ನು ನಾನೇ ಕರೆದೆ. ಸ್ಫೂರ್ತಿ ಸಿಗುತ್ತದೆ ಎಂದೂ ಸೇರಿಸಿದೆ. ಅಮ್ಮ, ಅಣ್ಣ ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಬುಟ್ಟಿ ಹಿಡಿದು ಕೂತರು. ಅಮ್ಮ ದಾರಿಯುದ್ದಕ್ಕೂ, ಯಾರಾದರೂ ತನ್ನನ್ನು ಜೀಪಿನಲ್ಲಿ ನೋಡಿದರೋ ಇಲ್ಲವೋ ಎಂದು ಹೊರಗೇ ಕಣ್ಣಿಟ್ಟಿದ್ದಳು.

ಜೀಪು ನಿಂತದ್ದೇ ಬೀದಿಯ ಜನವೆಲ್ಲ ಸೇರಿತು. ಚೌಡಪ್ಪನವರು ನಮ್ಮನ್ನು ಎದುರುಗೊಳ್ಳಲು ಅಂಗಳದಿಂದ ಹೊರಗೆ ಬಂದರು. ಭುಜ ಮೇಲೆ, ಕತ್ತು ಬಲಕ್ಕೆ, ಹೆಜ್ಜೆ ಎತ್ತಿ, ವಿಚಾರಿಸಿ, ಊರಿ.

ದೊರೆಸಾನಿ ಗಂಡನ ತೋಳು ಹಿಡಿದು ಕಿರುಚಿದಳು. ಸಂತೋಷಕ್ಕೆ! ನಾನು ಬೇಡ ಎನ್ನುವುದರೊಳಗೆ ಚೀಲದಿಂದ ಕಾಗದದ ಕಟ್ಟು ಎಳೆದು, ಓಡಿಹೋಗಿ, ಚೌಡಪ್ಪನವರ ಮುಖದ ಮುಂದೆ ಹಿಡಿದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ನೀವೇ, ನೀವೇ ಎಂದು ಅವರ ಎದೆಗೆ ಬೆರಳು ಮಾಡಿ ತೋರಿಸಿದಳು. ಪಾಪ, ಅವಳ ಪ್ರಕಾರ ಅದು ಮರ್ಯಾದೆ. ಕೊಕ್ಕರೆ ನಡೆಯಿತು. ಮತ್ತೊಮ್ಮೆ ಬಿಟ್ಟಳು, ಮತ್ತೂ ನಡೆಯಿತು. ಸುತ್ತ ನಿಂತವರು ಹೋ ಎಂದು ನಕ್ಕರು. ಚೌಡಪ್ಪನವರೂ ನಕ್ಕರು, ಎಲ್ಲರೂ ನಗುವಾಗ ನಗಬೇಕಲ್ಲ ಎಂದು ನಗುವ ನಗೆ.

ಅಷ್ಟರಲ್ಲಿ ಅವರ ತಂಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು: "ಅಲ್ಲ ಕಣಪ್ಪ, ಇವರು ಈ ಊರಿಗೆ ಇವತ್ತೇ ತಾನೆ ಬಂದಿರಾದು? ನಮ್ಮಣ್ಣನ್ನ ಯಾವಾಗ ನೋಡಿದ್ರು?"

ನಗು ಒಂದೊಂದೇ ಬಾಯಿಂದ ಇಳಿಯಿತು. ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಅಮ್ಮ ತೆಂಗಿನಕಾಯಿ ಬುಟ್ಟಿಯನ್ನು ಎದೆಗೆ ಅವುಚಿಕೊಂಡಳು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಾಲಿಗೆ ಬಿದ್ದು ತಪ್ಪಾಯಿತು ಎನ್ನುತ್ತಿದ್ದರು. ನನಗೆ ಬರುವುದು ಒಂದೇ ವಿದ್ಯೆ, ಅದನ್ನೇ ಮಾಡಿದೆ. "ಅಯ್ಯೋ, ಅವರದೊಂದೇ ಅಲ್ಲ ಕಣ್ರಿ, ನಾನು ಎಲ್ಲಾರ್ದೂ ಮಾಡ್ತೀನಿ!" ಎಂದು ಅಂಗಳಕ್ಕೆ ಇಳಿದೆ. ದೊರೆಯ ಉದ್ದ ಕಾಲಿನ ನಡಿಗೆ ನಡೆದೆ. ನಕ್ಕರು. ಅಮ್ಮನ ಓರೆ ನಡಿಗೆ ನಡೆದೆ. ಅಮ್ಮನನ್ನು ಬಿಟ್ಟು ಎಲ್ಲರೂ ನಕ್ಕರು. ಪ್ರಶ್ನೆ ಕೇಳಿದ ಚೌಡಪ್ಪನವರ ತಂಗಿಯ ನಡಿಗೆಯನ್ನೇ ನಡೆದೆ, ಸೊಂಟದ ಕೈ ಸಮೇತ. ಆಕೆಗೇ ನಗು ತಡೆಯಲಾಗಲಿಲ್ಲ. ಗೆದ್ದೆ ಎಂದುಕೊಂಡೆ. ಒಳಬಾಗಿಲ ಹತ್ತಿರ ಅಂಜಿನಮ್ಮ ಬಂದು ನಿಂತಿದ್ದು ಕಂಡಿತು. ಇವತ್ತು ನಗದೆ ಎಲ್ಲಿ ಹೋದಾಳು ಎಂದು ಇನ್ನೊಂದು ಸುತ್ತು ನಡೆದೆ.

"ಸಾಕು ಬಾರಪ್ಪ, ಕುತ್ಕ," ಎಂದರು ಚೌಡಪ್ಪನವರು. ದನಿಯಲ್ಲಿ ಸಿಟ್ಟಿಲ್ಲ. "ನಂಗೇನು ಇದು ಹೊಸ್ದಲ್ಲ. ಅವತ್ತು ನಿಮ್ಮ ಬೀದೀಲಿ ಬತ್ತಿದ್ನಲ್ಲ, ಸಂಜೆ ಬಿಸ್ಲು ಬೆನ್ನಿಗಿತ್ತು ಕಣಪ್ಪ. ನಿನ್ನ ನೆಳ್ಳು ನನ್ನ ಮುಂದೇನೇ ನಡೀತಿತ್ತು. ಎರಡು ನೆಳ್ಳು, ಒಂದೇ ನಡ್ಗೆ." ತಮ್ಮ ಕಾಲಿನ ಕಡೆ ನೋಡಿಕೊಂಡರು. "ಗಂಡು ಮಕ್ಳಿಲ್ದ ಮನೆ. ಹುಡ್ಗ ನನ್ನಂಗೇ ನಡೀತಾನೆ, ಹೊಂದ್ಕಂತಾನೆ ಅಂದ್ಕಂಡೆ."

ನನ್ನ ಒಂದು ಕಾಲು ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಯಾರದಾಗಿ ಕೆಳಗಿಡಬೇಕೋ ತಿಳಿಯಲಿಲ್ಲ. ದೊರೆ ನನ್ನನ್ನು, ಏನಾಯಿತು, ಅನುವಾದ ಮಾಡು ಎಂದು ತಿವಿದ. ನನಗೆ ಮೇಷ್ಟ್ರ ಕೆಮ್ಮೂ ಬರಲಿಲ್ಲ. ಚೌಡಪ್ಪನವರು, "ಹೋಗ್ಲಿ ಬಿಡ್ರಿ, ಹೊತ್ತು ಮೀರ್ತದೆ," ಎಂದು ಎಲೆ ಅಡಿಕೆ ತಟ್ಟೆಗೆ ಕೈ ಚಾಚಿದರು.

ಇಲ್ಲಿ ಒಂದು ಗಳಿಗೆ ನಿಲ್ಲಿಸಿ ನಿಮ್ಮನ್ನು ಟೆಂಟಿಗೆ ವಾಪಸು ಕರೆದುಕೊಂಡು ಹೋಗುತ್ತೇನೆ, ಯಾಕೆಂದರೆ ಆ ತಟ್ಟೆ ಮುಂದಕ್ಕೆ ಬರಲಿಲ್ಲ ಎನ್ನುವುದು ನಿಮಗೂ ಗೊತ್ತಾಗಿದೆ. ಮದುವೆ ಮುರಿಯಿತು. ದೊರೆ ದಂಪತಿಗಳು ಅಲ್ಲಿಂದಲೇ ಜೀಪಿನಲ್ಲಿ ಮುಂದಿನ ಸ್ಫೂರ್ತಿಯ ಕಡೆ ಹೋದರು; ಹಡಗಿನ ಟಿಕೆಟ್ಟೂ ಇಲ್ಲ, ಒಂದು ಕಾರ್ಡೂ ಇಲ್ಲ. ಅಂಜಿನಮ್ಮನಿಗೆ ಬೇರೆ ಕಡೆ ಮದುವೆಯಾಗಿ, ಗಂಡ ಮಾವನ ಅಂಗಡಿಯಲ್ಲೇ ಕೂತಿದ್ದಾನಂತೆ. ಹೇಗೆ ನಡೆಯುತ್ತಾನೋ ವಿಚಾರಿಸಿಲ್ಲ. ನಾನೂ ಈಗ ಮಗ್ಗಕ್ಕೆ ಕೂರುತ್ತೇನೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟವನ ನಡಿಗೆ ಯಾರಿಗೂ ಕಾಣುವುದಿಲ್ಲ.

ದೊರೆ ದಂಪತಿಗಳು ನಮ್ಮ ದೇಶದಿಂದ ಹೊತ್ತುಕೊಂಡು ಹೋದದ್ದಾದರೂ ಏನು? ಲೇಪಾಕ್ಷಿಯ ಬಸವಣ್ಣ ಟೆಂಟಿನ ಆ ಬೊಂಬೆ ಚಿತ್ರದಲ್ಲಿ ಇರಲಿಲ್ಲ. ಹಿಂದೂಪುರ ಇರಲಿಲ್ಲ. ಬೆಟ್ಟ ಯಾವುದೋ ಹಿಮದ ಬೆಟ್ಟ. ಒಬ್ಬ ಮನುಷ್ಯ ಮುಳ್ಳಿನ ದಾರಿಯಲ್ಲಿ ಮೂಟೆ ಹೊತ್ತು ಗಳಿಸಿಕೊಂಡ ನಡಿಗೆಯನ್ನು ಬಿಡಿಸಿಕೊಂಡು, ಮೂಟೆಯನ್ನು ಇಲ್ಲೇ ಬಿಟ್ಟು, ಹ್ಯಾಟು ಹಾಕಿಸಿ, ನಮಗೇ ಟಿಕೆಟ್ಟಿಗೆ ಮಾರಿದರು. ಬಿಡಿಸಿ ಕೊಟ್ಟವನು ನೆಲದಲ್ಲಿ ಟವೆಲ್ ಮುಸುಕು ಹಾಕಿಕೊಂಡು ಕೂತಿದ್ದ.

ಆಟ ಬಿಟ್ಟಾಗ ಬಾಗಿಲಲ್ಲಿ ಖಾದರ್ ನನ್ನ ರಟ್ಟೆ ಹಿಡಿದ. "ಲೇ, ಆ ಕೊಕ್ಕರೆ ಮಾಡ್ಲಾ! ನಿನ್ಬಿಟ್ರೆ ಯಾರ್ ಕೈಲಾಯ್ತದೆ?" ಹೊರಗೆ ಹೋಗುತ್ತಿದ್ದವರು ತಿರುಗಿ ನಿಂತು ಜಾಗ ಬಿಟ್ಟರು. ನಾಚಿಕೆಗೆಟ್ಟ ಮೈ ನೋಡಿ, ಎಡಭುಜ ತಾನಾಗಿಯೇ ಮೇಲೆ ಹೋಗಿತ್ತು. ಕೈಯಿಂದ ಒತ್ತಿ ಇಳಿಸಿದೆ. "ಬರಾದಿಲ್ಲ ಕಣ್ಲಾ," ಎಂದು ಮನೆ ಕಡೆ ಹೊರಟೆ. ಒಂದು ಹೆಜ್ಜೆ ಎಣ್ಣೆ ಅಂಗಡಿಯವರದಾಯಿತು, ನಿಲ್ಲಿಸಿದೆ. ಇನ್ನೊಂದು ಅಮ್ಮನದು; ಅದನ್ನೂ ನಿಲ್ಲಿಸಿದೆ. ಆಮೇಲೆ ಒಂದು ಹೆಜ್ಜೆ ಬಿತ್ತು, ಪೆದ್ದು ಹೆಜ್ಜೆ, ಎಡಕ್ಕೂ ಬಲಕ್ಕೂ ಇಲ್ಲದ್ದು, ನೋಡಿದವರು ಯಾರೂ ನಗದಂಥದ್ದು. ಯಾರದೆಂದು ಗುರುತು ಹತ್ತಲಿಲ್ಲ. ಅದನ್ನೇ ಹಿಡಿದುಕೊಂಡು ಮನೆ ಸೇರಿದೆ.

ಅವತ್ತು ಕಲ್ಯಾಣದುರ್ಗದ ಬೀದಿಯಲ್ಲಿ ಇಂಥದೊಂದು ಹೆಜ್ಜೆ ನನ್ನ ಹತ್ತಿರ ಇದ್ದಿದ್ದರೆ! ಅವತ್ತು ಆ ಅಂಗಳದಲ್ಲಿ, ಚೌಡಪ್ಪನವರ ಕೈ ತಟ್ಟೆಗೆ ತಾಗುವಷ್ಟರಲ್ಲಿ ಅಂಜಿನಮ್ಮ ಒಳಬಾಗಿಲಿಂದ ಬಂದು, ತಟ್ಟೆಯನ್ನು ತಾನೇ ಎತ್ತಿಕೊಂಡು, ಅಪ್ಪನ ಪಕ್ಕಕ್ಕೆ ಇಟ್ಟಳು. ದೊರೆಯನ್ನು ನೋಡಲಿಲ್ಲ, ಜೀಪನ್ನು ನೋಡಲಿಲ್ಲ. ಇನ್ನೂ ಒಂಟಿಕಾಲಲ್ಲಿ ನಿಂತಿದ್ದ ನನ್ನನ್ನು ನೋಡಿ, ಕಾಫಿ ಆರಿಹೋಗುತ್ತದೆ ಎಂದ ಅದೇ ದನಿಯಲ್ಲಿ ಹೇಳಿದಳು:

"ಎಲ್ಲಾರ್ ನಡ್ಗೇನೂ ನಡ್ದು ತೋರ್ಸಿದ್ರಲ್ಲ. ಈಗ ಬಸ್ ಸ್ಟ್ಯಾಂಡ್ ತಂಕ ನಿಮ್ಮ ನಡ್ಗೇಲಿ ಹೋಗಿ, ನೋಡಾನ."